ಇನ್ನೊಂದು ಆಟದ ಗುಣದೋಷ

ನಮ್ಮ ಕಾಸರಗೋಡಿನ ಕಡೆ ‘ಆಟಕ್ಕೆ ಹೋಗಿದ್ದಾರೆ’ ಎಂದರೆ ಯಕ್ಷಗಾನಕ್ಕೆ ಹೋಗಿದ್ದಾರೆ ಎಂದೇ ಅರ್ಥ. ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆ ‘ಕೂಟ’. ರಾತ್ರಿಯಿಡೀ ಆಟ ನೋಡಿದವರು ಮರುದಿನ ಬಸ್ಸಿನಲ್ಲಿ, ಹೋಟೆಲಿನ ಬೆಂಚಿನಲ್ಲಿ ವೇಷಗಳ ಗುಣದೋಷಗಳನ್ನು ಎತ್ತಿ ಆಡುವುದು ಇಲ್ಲಿನ ವಿಮರ್ಶೆಯ ಮೊದಲ ಪಾಠಶಾಲೆ. ಈಗ ಮನೆಯ ಹುಡುಗರ ಬಾಯಲ್ಲಿ ಆಟವೆಂದರೆ ಕಂಪ್ಯೂಟರಿನ ಪರದೆಯ ಮೇಲಿನದು. ಆದರೆ ಮರುದಿನದ ಆ ಚರ್ಚೆ ಮಾತ್ರ ಬದಲಾಗಿಲ್ಲ. ಒಂದೇ ಆಟದ ಬಗ್ಗೆ ನನ್ನ ಅಳಿಯನೂ ಅವನ ಗೆಳೆಯರೂ ಒಂದು ಸಂಜೆ ನಡೆಸಿದ ವಾದವನ್ನು ಕೇಳಿದ ಮೇಲೆ, ನಾನೂ ಅದನ್ನು ಆಡಿ ನೋಡಿದೆ. ಎರಡು ಮಳೆಗಾಲ ಹಿಡಿಯಿತು. ಈ ಬರಹ ಅದರ ಫಲ.

ಆಟದ ಹೆಸರು ‘ದಿ ವಿಚರ್ 3: ವೈಲ್ಡ್ ಹಂಟ್’. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆ 2015ರ ಮೇ ತಿಂಗಳಲ್ಲಿ ಹೊರತಂದದ್ದು. ಆ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿ ಅದಕ್ಕೆ ಸಂದಿತು. 2023ರ ಹೊತ್ತಿಗೆ 5 ಕೋಟಿ ಪ್ರತಿಗಳು ಮಾರಾಟವಾದುವೆಂದು ಸಂಸ್ಥೆ ಘೋಷಿಸಿತು. ಗೆರಾಲ್ಟ್ ಎಂಬವನು ಕೂಲಿಗೆ ರಾಕ್ಷಸ-ಪಿಶಾಚಿಗಳನ್ನು ಬೇಟೆಯಾಡುವವನು. ಕಳೆದುಹೋದ ಸಾಕುಮಗಳನ್ನು ಹುಡುಕಿಕೊಂಡು ಯುದ್ಧದಿಂದ ಹಾಳಾದ ಸೀಮೆಗಳಲ್ಲಿ ಅಲೆಯುತ್ತಾನೆ. ಆಡುವವನೇ ಗೆರಾಲ್ಟ್. ಎಲ್ಲಿ ಹೋಗಬೇಕು, ಯಾರ ಮಾತು ಕೇಳಬೇಕು, ಯಾರನ್ನು ಉಳಿಸಬೇಕು ಎಂಬುದು ಬಹುಪಾಲು ಅವನ ಇಚ್ಛೆ. ಇದನ್ನೇ ಓಪನ್ ವರ್ಲ್ಡ್ ಎನ್ನುತ್ತಾರೆ. ನಾವು ಮುಕ್ತಲೋಕ ಎನ್ನಬಹುದು. ಮೂಲಕಥೆ ಆಂಜೆ ಸಾಪ್ಕೋವ್‌ಸ್ಕಿ ಎಂಬ ಪೋಲಿಷ್ ಲೇಖಕರದು. ಮೊದಲ ಕಥೆ 1986ರಲ್ಲಿ ಪತ್ರಿಕೆಯೊಂದರ ಸ್ಪರ್ಧೆಗೆ ಬರೆದದ್ದು. ಅದಕ್ಕೆ ಸಿಕ್ಕಿದ್ದು ಮೂರನೆಯ ಬಹುಮಾನ. ನಮ್ಮ ಸಂಘಗಳ ಕಥಾಸ್ಪರ್ಧೆಗಳ ತೀರ್ಪುಗಾರರಿಗೆ ಇದನ್ನು ಸುಮ್ಮನೆ ಜ್ಞಾಪಿಸುತ್ತೇನೆ.

ಆಡಿದವರೆಲ್ಲ ಒಂದೇ ಕಂಠದಿಂದ ಹೊಗಳುವ ಭಾಗ ವೇಲೆನ್ ಎಂಬ ಜೌಗುನಾಡಿನ ಕಥೆ. ಅಲ್ಲೊಬ್ಬ ಕುಡುಕ ಪಾಳೆಯಗಾರ, ಹೆಂಡತಿಯನ್ನು ಹೊಡೆದವನು. ಹೆಂಡತಿ ಮಗಳು ಇಬ್ಬರೂ ಮನೆಬಿಟ್ಟು ಹೋಗಿದ್ದಾರೆ. ಹೆಂಡತಿಗೆ ಗರ್ಭಪಾತವಾದಾಗ ಆ ಶಿಶುವನ್ನು ಹೆಸರಿಡದೆ ಹೂತದ್ದರಿಂದ ಅದು ಪಿಶಾಚಿಯಾಗಿ ಅಲೆಯುತ್ತಿದೆ. ಗೆರಾಲ್ಟ್ ಅದನ್ನು ಕತ್ತಿಯಿಂದ ಮುಗಿಸಬಹುದು. ಇಲ್ಲವಾದರೆ, ತಂದೆಯೇ ಆ ವಿಕಾರ ಶಿಶುವನ್ನು ತೋಳಲ್ಲಿ ಎತ್ತಿಕೊಂಡು ಮಳೆಯ ರಾತ್ರಿಯಲ್ಲಿ ಮನೆಗೆ ತಂದು, ಹೊಸ್ತಿಲ ಬಳಿ ಹೂತು, ಹೆಸರಿಟ್ಟು, ‘ನೀನು ನನ್ನ ಮಗಳು’ ಎಂದು ಒಪ್ಪಿಕೊಳ್ಳುವಂತೆ ಮಾಡಬಹುದು. ಆಗ ಅದು ಮನೆ ಕಾಯುವ ಶಕ್ತಿಯಾಗುತ್ತದೆ.

ಈ ದೃಶ್ಯವನ್ನು ನೋಡಿದ ತುಳುನಾಡಿನವರಿಗೆ ಕುಲೆ ಮದುವೆಯ ನೆನಪಾಗದಿರದು. ಎಳವೆಯಲ್ಲಿ ತೀರಿಹೋದ ಮಕ್ಕಳು ಕಾಣದ ಲೋಕದಲ್ಲಿ ಬೆಳೆದು ಪ್ರಾಯಕ್ಕೆ ಬರುತ್ತಾರೆ, ಮದುವೆಯಾಗದೆ ಉಳಿದರೆ ಮನೆಯವರನ್ನು ಕಾಡುತ್ತಾರೆ ಎಂಬುದು ನಂಬಿಕೆ. ಅದಕ್ಕಾಗಿ ಆಟಿ ತಿಂಗಳಲ್ಲಿ ಎರಡು ಮನೆಯವರು ಬಳಿ ವಿಚಾರಿಸಿ, ನೆಂಟಸ್ತಿಕೆ ಕುದುರಿಸಿ, ಇಲ್ಲದ ವಧೂವರರಿಗೆ ಸೀರೆ, ವೇಷ್ಟಿ, ಕರಿಮಣಿ ಇಟ್ಟು ಮದುವೆ ನಡೆಸುತ್ತಾರೆ. ಸತ್ತ ಮಗುವನ್ನು ಮತ್ತೆ ಕುಟುಂಬದ ಲೆಕ್ಕಕ್ಕೆ ಸೇರಿಸುವುದೇ ಎರಡೂ ಕಡೆಯ ತಿರುಳು. ಸ್ಲಾವ್ ಜನಪದದಲ್ಲೂ ನಮ್ಮಲ್ಲೂ ಭಯವನ್ನು ಹೊಡೆದೋಡಿಸುವುದಕ್ಕಿಂತ ಭಯಕ್ಕೊಂದು ಸ್ಥಾನ ಕೊಡುವುದು ದೊಡ್ಡ ವಿದ್ಯೆ. ಇದೇ ಸೀಮೆಯಲ್ಲಿ ಪಿತೃಗಳಿಗೆ ಅನ್ನವಿಡುವ ರಾತ್ರಿಯ ಇನ್ನೊಂದು ಸನ್ನಿವೇಶವೂ ಬರುತ್ತದೆ. ಅದರ ಹಿಂದಿರುವುದು ‘ಜಾದಿ’ ಎಂಬ ಹಳೆಯ ಆಚರಣೆ. ಪೋಲೆಂಡಿನ ಮಹಾಕವಿ ಆಡಮ್ ಮಿಟ್ಸ್‌ಕೆವಿಚ್ 19ನೆಯ ಶತಮಾನದಲ್ಲಿ ಅದೇ ಹೆಸರಿನಲ್ಲಿ ಕಾವ್ಯನಾಟಕ ಬರೆದಿದ್ದಾರೆ. ಊರಿನ ಆಚರಣೆ ಕಾವ್ಯಕ್ಕೆ ಹೋಗಿ, ಈಗ ಆಟಕ್ಕೂ ಬಂದಿದೆ. (ಸಾಕುಮಗಳ ಹೆಸರನ್ನು ‘ಸಿರಿ’ ಎಂದೇ ಉಚ್ಚರಿಸುತ್ತಾರೆ. ನಮ್ಮ ಪಾಡ್ದನದ ಸಿರಿಗೂ ಅವಳಿಗೂ ಸಂಬಂಧವಿಲ್ಲ. ಆದರೂ ಮೊದಲ ಬಾರಿ ಕೇಳಿದಾಗ ಬೆಚ್ಚಿದೆ.)

ಹೊಗಳಿಕೆ ಇಷ್ಟಕ್ಕೆ ಸಾಕು. ಇನ್ನು ಜಗಳದ ಭಾಗ.

ಜೌಗಿನ ಗುಡ್ಡವೊಂದರಲ್ಲಿ ಮರದ ಬೇರಿನಡಿ ಬಂಧಿಯಾದ ಒಂದು ಆತ್ಮವಿದೆ. ಬಿಡಿಸಿದರೆ ಅದು ಅನಾಥ ಮಕ್ಕಳನ್ನು ಕಾಪಾಡುತ್ತದೆ. ಆದರೆ ಒಂದು ಹಳ್ಳಿ ನಾಶವಾಗುತ್ತದೆ, ಪಾಳೆಯಗಾರನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಮಕ್ಕಳು ಹೋಗುತ್ತಾರೆ. ಆ ಹೆಂಗಸು ಮತಿಗೆಟ್ಟು ಬದುಕುತ್ತಾಳೆ. ‘ಫಲ ಮೊದಲೇ ತಿಳಿಯದಿದ್ದರೆ ಆಯ್ಕೆಗೆ ಏನು ಅರ್ಥ?’ ಎಂದು ಅಳಿಯನ ಗೆಳೆಯನ ಆಕ್ಷೇಪ. ‘ತಿಳಿದಿದ್ದರೆ ಅದು ಆಯ್ಕೆಯಲ್ಲ, ವ್ಯಾಪಾರ’ ಎಂದು ಅಳಿಯ. ಇಲ್ಲಿ ನಾನು ಅಳಿಯನ ಪಕ್ಷ. ಆದರೆ ಅವರಿಬ್ಬರೂ ಎತ್ತದ ದೋಷವೊಂದು ನನ್ನನ್ನು ಹೆಚ್ಚು ಕಾಡಿತು. ಇಡೀ ಕಥೆಯನ್ನು ಹೇಳುವವನು ಹೊಡೆದ ಗಂಡ. ಅವನ ಪಶ್ಚಾತ್ತಾಪಕ್ಕೆ ಗಂಟೆಗಟ್ಟಲೆ ಅವಕಾಶವಿದೆ. ಪೆಟ್ಟು ತಿಂದವಳಿಗೆ ನಾಲ್ಕು ಮಾತಿಲ್ಲ. ನಮ್ಮ ಕೂಟದಲ್ಲಿ ಭೀಷ್ಮನ ಅರ್ಥಧಾರಿ ಎಷ್ಟೇ ದೊಡ್ಡವನಿರಲಿ, ಅಂಬೆಗೆ ಮಾತಿನ ಸರದಿ ಬಂದೇ ಬರುತ್ತದೆ. ಅವಳ ಅರ್ಥಧಾರಿ ಗಟ್ಟಿಗನಾದರೆ ಭೀಷ್ಮನಿಗೆ ಬೆವರಿಳಿಯುತ್ತದೆ.

ಪ್ರತಿಪಾತ್ರದ ಮಾತು ಬಂದಾಗ ಆಟದ ದೊಡ್ಡ ಸೋಲು ಕಾಣುತ್ತದೆ. ಸಿರಿಯನ್ನು ಬೆನ್ನಟ್ಟುವ ಮುಖ್ಯ ಖಳ ಎರೆಡಿನ್. ಕಿರೀಟವಿದೆ, ಕವಚವಿದೆ, ವಾದವಿಲ್ಲ. ಅವನಿಗೆ ಏನು ಬೇಕು, ಏಕೆ ಬೇಕು ಎಂಬುದನ್ನು ಅವನ ಬಾಯಿಂದಲೇ ಕೇಳುವ ಅವಕಾಶ ಬಹಳ ಕಡಿಮೆ. ಕೊನೆಯ ಮೂರನೆಯ ಭಾಗ ಅವಸರದ್ದು ಎಂಬ ಆಟಗಾರರ ದೂರಿನ ಮೂಲವೂ ಇಲ್ಲೇ ಇದೆ ಎನ್ನಬೇಕು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದು ಸುಲಭವಾಗಿ ಅರ್ಥವಾಗುವ ದೋಷ. ವಾಲಿಗೆ ರಾಮಬಾಣ ತಗಲುವುದು ಖಚಿತ. ಭಾಗವತರ ಪದ್ಯವನ್ನು ಯಾರೂ ತಿದ್ದುವಂತಿಲ್ಲ. ಆದರೆ ಬಾಣ ತಗಲಿದ ಮೇಲೆ ವಾಲಿ ಕೇಳುವ ಪ್ರಶ್ನೆಗಳಿಗೆ ರಾಮ ಏನು ಹೇಳುತ್ತಾನೆ ಎಂಬುದು ಆ ರಾತ್ರಿಗೆ ಮಾತ್ರ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದುದು ಕಥೆಯ ಅಂತ್ಯ ತಿಳಿಯಲಿಕ್ಕಲ್ಲ. ಈ ಆಟದ ತಯಾರಕರಿಗೂ ಕೊರತೆ ತಿಳಿದಿತ್ತೋ ಏನೋ, ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ‘ಹಾರ್ಟ್ಸ್ ಆಫ್ ಸ್ಟೋನ್’ ಎಂಬ ಅನುಬಂಧದಲ್ಲಿ ಮಾತಿನಲ್ಲೇ ಕಟ್ಟಿಹಾಕುವ ಕನ್ನಡಿ ವ್ಯಾಪಾರಿಯೊಬ್ಬನನ್ನು ಖಳನಾಗಿ ತಂದರು. ಎರೆಡಿನ್‌ನನ್ನು ಮರೆತವರೂ ಇವನನ್ನು ಮರೆತಿಲ್ಲ.

ಮಾತಿನ ವಿಷಯದಲ್ಲೇ ಇನ್ನೊಂದು ತಕರಾರು. ಆಟಗಾರನಿಗೆ ಕಾಣುವುದು ಚುಟುಕು ಸಾಲು. ಗೆರಾಲ್ಟ್ ಆಡುವುದು, ಮಾಡುವುದು ಬೇರೆ. ಬೇಹುಗಾರರ ನಾಯಕನೊಬ್ಬನನ್ನು ‘ಬಲವಾಗಿ ಬದಿಗೆ ತಳ್ಳು’ ಎಂದು ಆರಿಸಿದರೆ ಅವನ ಕಾಲನ್ನೇ ಮುರಿದುಬಿಡುತ್ತಾನೆ! ಅರ್ಥಧಾರಿಯ ನಾಲಗೆಯನ್ನು ಇನ್ನೊಬ್ಬರು ಎರವಲು ಪಡೆದಂತೆ ಇದು. ಉಳಿದ ದೋಷಗಳು ಚಿಕ್ಕವು: ಕಾಳಗ ಹತ್ತು ಗಂಟೆಯ ನಂತರ ಒಂದೇ ತಾಳದ ಕುಣಿತ, ಸ್ಕೆಲ್ಲಿಗೆ ದ್ವೀಪಗಳ ಕಡಲಿನ ತುಂಬ ಪ್ರಶ್ನಾರ್ಥಕ ಚಿಹ್ನೆಗಳು, ದೋಣಿಯಲ್ಲಿ ಹೋಗಿ ನೋಡಿದರೆ ಅದೇ ಕಳ್ಳಸಾಗಣೆಯ ಪೀಪಾಯಿ, ಕುದುರೆ ಆಗಾಗ ಮನೆಯ ಮಾಡಿನ ಮೇಲೆ ನಿಂತಿರುತ್ತದೆ. ಮಗಳು ಅಪಾಯದಲ್ಲಿರುವಾಗ ಅಪ್ಪ ಹೋಟೆಲಿನಲ್ಲಿ ಗ್ವೆಂಟ್ ಎಂಬ ಇಸ್ಪೀಟಿನಂಥ ಆಟಕ್ಕೆ ಕೂರುವುದನ್ನು ಹುಡುಗರು ದೊಡ್ಡ ಅಸಂಗತಿ ಎನ್ನುತ್ತಾರೆ. ನಮ್ಮೂರಿನ ಕೆಲವು ಅಪ್ಪಂದಿರನ್ನು ಬಲ್ಲ ನನಗೆ ಹಾಗೆನ್ನಿಸಲಿಲ್ಲ.

ಸಿರಿಯ ಗತಿ ನಿರ್ಧಾರವಾಗುವ ರೀತಿಯನ್ನು ಮಾತ್ರ ನಾನು ಪೂರ್ತಿಯಾಗಿ ಸಮರ್ಥಿಸುತ್ತೇನೆ. ಅವಳು ಬದುಕಿ ಬರುತ್ತಾಳೋ ಇಲ್ಲವೋ ಎಂಬುದು ಯುದ್ಧದ ಮೇಲಲ್ಲ, ಕೆಲವು ಸಣ್ಣ ಗಳಿಗೆಗಳ ಮೇಲೆ ನಿಂತಿದೆ: ಸೋತು ಕುಗ್ಗಿದ ಮಗಳನ್ನು ಕುಡಿಯಲು ಕೂರಿಸಿದೆಯೋ, ಹಿಮದುಂಡೆ ಎಸೆದು ನಗಿಸಿದೆಯೋ, ಸಭೆಗೆ ಜೊತೆಯಲ್ಲಿ ನುಗ್ಗಿದೆಯೋ, ಒಬ್ಬಳೇ ಹೋಗಲು ಬಿಟ್ಟೆಯೋ. ‘ಹಿಮದುಂಡೆಗೂ ಸಾವಿಗೂ ಏನು ಸಂಬಂಧ? ಇದು ಮೋಸ’ ಎಂದು ಅನೇಕರ ಕೋಪ. ನಾನು ಮೊದಲ ಸಲ ಆಡಿದಾಗ ಅವಳನ್ನು ಎಲ್ಲ ಕಡೆಯೂ ಕಾಯಲು ಹೋಗಿ ಕಳೆದುಕೊಂಡೆ.

ಈ ಆಟವನ್ನು ಪೋಲಿಷ್ ಭಾಷೆಯಲ್ಲಿ ಕೇಳುತ್ತ ಆಡಬಹುದು, ಇಂಗ್ಲಿಷಿನಲ್ಲಿ ಆಡಬಹುದು, ಜಪಾನಿಯಲ್ಲೂ ಆಡಬಹುದು. ಕನ್ನಡದಲ್ಲಿ ಇಲ್ಲ. ಅಳಿಯ ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಆಟದಲ್ಲಿ ಇಂಗ್ಲಿಷ್ ಆಡುವ ಹುಡುಗ. ಹೆಸರಿಲ್ಲದ ಶಿಶುವಿನ ದೃಶ್ಯ ಮುಗಿದಾಗ ಅವನು ಕೇಳಿದ, ‘ಮಾವಾ, ಇಂಥದ್ದು ನಮ್ಮಲ್ಲಿಯೂ ಉಂಟಾ?’ ಕುಲೆ ಮದುವೆಯ ಕಥೆ ಹೇಳಿದೆ. ನಂಬಲಿಲ್ಲ. ಒಳಗಿನಿಂದ ಅವನ ಅಜ್ಜಿ, ತನ್ನ ಅಣ್ಣನ ಮದುವೆಯ ಊಟದಲ್ಲಿ ಏನೇನು ಬಡಿಸಿದ್ದರು ಎಂದು ಹೇಳತೊಡಗಿದರು. ಆ ಅಣ್ಣ ಮೂರು ವರ್ಷದಲ್ಲೇ ತೀರಿಹೋದವರು. ಹುಡುಗ ಆಟವನ್ನು ನಿಲ್ಲಿಸಿ ಅಡುಗೆಮನೆಯ ಬಾಗಿಲಲ್ಲಿ ಹೋಗಿ ಕುಳಿತ.