ಮಹಾಪಟದಿಂದ ಮನೆಯ ಪರದೆಗೆ: ‘ಸೂಪರ್ ಸ್ಪೀಡ್‌ವೇ’ ಚಿತ್ರದ ವಿಮರ್ಶೆ

ಗಾತ್ರವೇ ಒಂದು ಕೃತಿಯ ಅರ್ಥದ ಅಂಗವಾಗಿರುವಾಗ, ಆ ಗಾತ್ರವನ್ನು ಕಳೆದುಕೊಂಡ ಪ್ರತಿಯೊಂದನ್ನು ನೋಡಿ ಕೃತಿಯ ಬೆಲೆ ಕಟ್ಟುವುದು ನ್ಯಾಯವೇ? ಕೆನಡಾದ ಸ್ಟೀಫನ್ ಲೋ ಅವರು ನಿರ್ದೇಶಿಸಿದ, 1997ರಲ್ಲಿ ತೆರೆಕಂಡ ‘ಸೂಪರ್ ಸ್ಪೀಡ್‌ವೇ’ ಎಂಬ ಸಾಕ್ಷ್ಯಚಿತ್ರವನ್ನು ಮನೆಯಲ್ಲಿ ಬ್ಲೂ-ರೇ ಡಿಸ್ಕಿನ ಮೂಲಕ ನೋಡುವವರಿಗೆ ಈ ಪ್ರಶ್ನೆ ಮೊದಲು ಎದುರಾಗುತ್ತದೆ. ಐಮ್ಯಾಕ್ಸ್ ಎಂಬ ಬೃಹತ್ ಪಟಕ್ಕಾಗಿ ರಚಿತವಾದ ಕೃತಿಯಿದು. ಮುಂಬಯಿಯ ವಡಾಳಾದಲ್ಲಿ 2001ರಲ್ಲಿ, ಹೈದರಾಬಾದಿನಲ್ಲಿ 2003ರಲ್ಲಿ ಅಂಥ ಮಂದಿರಗಳು ತೆರೆದುವಾದರೂ ಅಲ್ಲಿ ಆ ಫಿಲ್ಮಿನ ಪ್ರದರ್ಶನ ಈಗ ನಿಂತುಹೋಗಿದೆ. ಆದುದರಿಂದ ನಮ್ಮಂಥವರಿಗೆ ಉಳಿದಿರುವುದು ಡಿಸ್ಕೊಂದೇ.

ನಷ್ಟದ ಪ್ರಮಾಣವನ್ನು ಮೊದಲು ಅರಿಯೋಣ. ಐಮ್ಯಾಕ್ಸಿನಲ್ಲಿ 70 ಮಿಲಿಮೀಟರ್ ಅಗಲದ ಫಿಲ್ಮು ಅಡ್ಡಲಾಗಿ ಓಡುತ್ತದೆ. ಒಂದೊಂದು ಚೌಕಟ್ಟೂ 15 ರಂಧ್ರಗಳಷ್ಟು ಉದ್ದ. ಅದರ ಪಟದೆದುರು ಕುಳಿತವನಿಗೆ ಚಿತ್ರದ ಅಂಚು ಸುಲಭವಾಗಿ ಕಾಣದು. ವೇಗದ ಅನುಭವಕ್ಕೆ ಇದು ಅತ್ಯಗತ್ಯ. ರೈಲಿನಲ್ಲಿ ಹೋಗುವಾಗ ದೂರದ ಗುಡ್ಡ ನಿಂತಂತೆಯೂ ಪಕ್ಕದ ತಂತಿಕಂಬ ಹಾರಿಹೋದಂತೆಯೂ ತೋರುವುದಿಲ್ಲವೇ? ವೇಗವನ್ನು ನಾವು ಬಹುಮಟ್ಟಿಗೆ ಕಡೆಗಣ್ಣಿನಿಂದಲೇ ಅರಿಯುತ್ತೇವೆ. ಮನೆಯ ಪರದೆ ಕಡೆಗಣ್ಣಿಗೆ ಏನನ್ನೂ ಕೊಡುವುದಿಲ್ಲ. ಅಲ್ಲಿ ಗೋಡೆಯಿದೆ, ಕಿಟಕಿಯಿದೆ, ಕಪಾಟಿದೆ. ಇದಲ್ಲದೆ ಐಮ್ಯಾಕ್ಸ್ ಚೌಕಟ್ಟಿನ ಅಗಲ ಎತ್ತರದ 1.43ರಷ್ಟು, ಇಂದಿನ ಟೆಲಿವಿಷನ್ನಿನದು 1.78ರಷ್ಟು. ಪರದೆ ತುಂಬಲೆಂದು ಚಿತ್ರವನ್ನು ಕತ್ತರಿಸಿದರೆ ಎತ್ತರದಲ್ಲಿ ಸುಮಾರು ಐದನೆಯ ಒಂದು ಪಾಲು ಹೋಗುತ್ತದೆ.

ನಿರ್ದೇಶಕರ ಮುಂದಿದ್ದ ಸಮಸ್ಯೆಯೂ ಸಣ್ಣದಲ್ಲ. ಗಂಟೆಗೆ 200 ಮೈಲಿ ಓಡುವ ಕಾರು ಸೆಕೆಂಡಿಗೆ ಸುಮಾರು 89 ಮೀಟರ್ ಕ್ರಮಿಸುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರಿಸಿದರೆ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಕಾರು 3.7 ಮೀಟರ್ ಜಿಗಿದಿರುತ್ತದೆ. ಬದಿಯಲ್ಲಿ ನಿಂತು ಚಿತ್ರಿಸಿದರೆ ದೊಡ್ಡ ಪಟದ ಮೇಲೆ ಈ ಜಿಗಿತ ಕಣ್ಣಿಗೆ ಹಿಂಸೆಯಾಗಬಹುದು. ಲೋ ಅವರು ಭಾರವಾದ ಕ್ಯಾಮೆರಾವನ್ನು ಪಂದ್ಯದ ಕಾರಿಗೇ ಬಿಗಿದು, ಅದನ್ನು ಓಡಿಸುವ ಹೊಣೆಯನ್ನು ಮಾರಿಯೋ ಆಂಡ್ರೆಟ್ಟಿ ಅವರಿಗೇ ವಹಿಸಿದರು. ಇದರಿಂದ ದಾರಿ ನಮ್ಮತ್ತ ಧಾವಿಸುತ್ತದೆ. ಪ್ರೇಕ್ಷಕ ಸಾರಥಿಯ ಸ್ಥಾನದಲ್ಲಿ ಕೂರುತ್ತಾನೆ. ಯಂತ್ರದ ಮಿತಿಯನ್ನು ಕಲೆಯ ಗುಣವಾಗಿ ಮಾರ್ಪಡಿಸಿದ ಈ ಜಾಣ್ಮೆ ಚಿಕ್ಕ ಪರದೆಯಲ್ಲಿಯೂ ತಿಳಿಯುತ್ತದೆ. ಆದರೆ ಅದು ತಿಳಿಯುತ್ತದೆಯೇ ಹೊರತು ಮೈಗೆ ತಟ್ಟುವುದಿಲ್ಲ.

ಹಾಗಾದರೆ ಮನೆಯಲ್ಲಿ ನೋಡಿದವನಿಗೆ ದಕ್ಕುವುದೇನು? ಇಲ್ಲಿ ಭರತಮುನಿಯನ್ನು ನೆನೆಯುವುದು ಅಪ್ರಸ್ತುತವಾಗಲಾರದು. ನಾಟ್ಯಶಾಸ್ತ್ರವು 108, 64 ಮತ್ತು 32 ಹಸ್ತಗಳ ಮೂರು ಅಳತೆಗಳನ್ನು ಹೇಳಿ, ಮನುಷ್ಯರಿಗೆ ನಡುವಣದೇ ತಕ್ಕುದೆನ್ನುತ್ತದೆ. ಮಂಟಪ ಅತಿಯಾಗಿ ಹಿರಿದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದಾಗುತ್ತದೆ ಎಂಬುದು ಕಾರಣ. ಈ ಚಿತ್ರದಲ್ಲಿ ಅಂಥ ಭಾವವಿದೆ. 1964ರಲ್ಲಿ ಮಾರಿಯೋ ಓಡಿಸಿದ್ದ, ಎಂಜಿನ್ ಮುಂದಿರುವ ‘ರೋಡ್‌ಸ್ಟರ್’ ಕಾರೊಂದು ಜೀರ್ಣಾವಸ್ಥೆಯಲ್ಲಿ ಸಿಕ್ಕಿ, ತಾಳ್ಮೆಯಿಂದ ಜೀರ್ಣೋದ್ಧಾರಗೊಳ್ಳುತ್ತದೆ. ಅದರ ಜೊತೆಜೊತೆಗೆ ಮಗ ಮೈಕೆಲ್ಲನ ಹೊಸ ಕಾರು ಸಿದ್ಧವಾಗುತ್ತದೆ. ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯವನ್ನು ಆ ಜಾತಿಯ ಕಾರು ಕೊನೆಯ ಬಾರಿ ಗೆದ್ದುದು ಅದೇ 1964ರಲ್ಲಿ. ಮರುವರ್ಷ ಜಿಮ್ ಕ್ಲಾರ್ಕ್ ಹಿಂದೆ ಎಂಜಿನ್ ಇರುವ ಲೋಟಸ್ಸಿನಲ್ಲಿ ಗೆದ್ದರು. ಹೀಗೆ ಹಳೆಯ ಕಾರು ಮುಗಿದುಹೋದ ಯುಗವೊಂದರ ಅವಶೇಷ. ಕೊನೆಗೆ ಮಾರಿಯೋ ಅದನ್ನು ಮತ್ತೆ ಓಡಿಸುವಾಗ ಅವರ ಮುಖವನ್ನು ನೋಡಬೇಕು. ಅದಕ್ಕೆ ಮನೆಯ ಪರದೆ ಸಾಕು. ಬಹುಶಃ ಅದೇ ಮೇಲು.

ಆ ಮುಖದ ಹಿಂದಿನ ಚರಿತ್ರೆ ಪರಸ್ಥಳದಲ್ಲಿ ನೆಲೆಸಿದ ನಮಗೆ ಅಪರಿಚಿತವಲ್ಲ. ಮಾರಿಯೋ ಹುಟ್ಟಿದ್ದು 1940ರಲ್ಲಿ, ಆಗ ಇಟಲಿಗೆ ಸೇರಿದ್ದ ಮೊಂಟೋನಾದಲ್ಲಿ. ಆ ಊರು ಇಂದು ಕ್ರೊಯೇಷಿಯಾದಲ್ಲಿದೆ. ಯುದ್ಧಾನಂತರ ಗಡಿ ಸರಿದು, ಕುಟುಂಬವು ಲುಕ್ಕಾದ ನಿರಾಶ್ರಿತರ ಶಿಬಿರದಲ್ಲಿ ವರ್ಷಗಳನ್ನು ಕಳೆದು, 1955ರಲ್ಲಿ ಅಮೆರಿಕವನ್ನು ಸೇರಿತು. ಆ ಹುಡುಗನೇ 1969ರಲ್ಲಿ ಇಂಡಿಯಾನಾಪೊಲಿಸ್ ಪಂದ್ಯವನ್ನೂ 1978ರಲ್ಲಿ ಫಾರ್ಮುಲಾ ಒನ್ ವಿಶ್ವಪದವಿಯನ್ನೂ ಗೆದ್ದವನು. ಊರನ್ನು ಕಳೆದುಕೊಂಡವನು ತನ್ನ ಮೊದಲ ಕಾರುಗಳಲ್ಲೊಂದನ್ನು ಮರಳಿ ಪಡೆಯುವ ಕಥೆಯೆಂದು ಓದಿದಾಗ ಚಿತ್ರಕ್ಕೆ ವೇಗಕ್ಕಿಂತ ಹಿರಿದಾದ ಅರ್ಥ ಬರುತ್ತದೆ.

ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ಚಿತ್ರದ ನಿರೂಪಕರು ನಟ ಪಾಲ್ ನ್ಯೂಮನ್. ಅವರು ಕೇವಲ ನಟರಲ್ಲ. 1979ರಲ್ಲಿ ಲ ಮಾನ್ಸ್ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದ ತಂಡದ ಚಾಲಕರಲ್ಲೊಬ್ಬರು. ಮೈಕೆಲ್ ಓಡಿಸುವ ಕಾರಿನ ನ್ಯೂಮನ್–ಹಾಸ್ ತಂಡದ ಪಾಲುದಾರರೂ ಅವರೇ. ಅವರ ಧ್ವನಿಯಲ್ಲಿ ಅನುಭವಿಯ ಅಧಿಕಾರವಿದೆ, ನಿಜ. ಆದರೆ ಒಡೆಯನೇ ಸಾಕ್ಷಿಯಾದಲ್ಲಿ ಸಾಕ್ಷ್ಯದ ತೂಕ ಕುಗ್ಗುತ್ತದೆ. ಮೈಕೆಲ್ಲರ ತಂಡಗಳು ಸ್ಪರ್ಧಿಸುತ್ತಿದ್ದ ಸರಣಿಯಲ್ಲಿಯೇ, 1996ರ ಜುಲೈಯಲ್ಲಿ ಟೊರಾಂಟೊದ ಪಂದ್ಯದಲ್ಲಿ ಜೆಫ್ ಕ್ರಾಸ್ನಾಫ್ ಎಂಬ ಚಾಲಕರು ಪ್ರಾಣ ತೆತ್ತರು. ಈ ವೇಗಕ್ಕೆ ತೆರುವ ಬೆಲೆಯನ್ನು ವಿಚಾರಿಸುವ ಆಳಕ್ಕೆ ಚಿತ್ರ ಇಳಿಯುವುದಿಲ್ಲ. ಅದ್ಭುತವಿದೆ, ವೀರವಿದೆ, ಭಯಾನಕದ ನೆರಳು ಸುಳಿದು ಮರೆಯಾಗುತ್ತದೆ, ಕರುಣಕ್ಕೆ ಎಡೆ ಇಲ್ಲವೆನ್ನುವಷ್ಟು ಕಡಮೆ. ಬೃಹತ್ ಪಟದ ಮುಂದೆ ಬೆರಗಾದ ಪ್ರೇಕ್ಷಕ ಈ ಕೊರತೆಯನ್ನು ಗಮನಿಸದಿರಬಹುದು. ಮನೆಯಲ್ಲಿ ಬೆರಗು ಇಳಿದಿರುತ್ತದೆ, ವಿವೇಕ ಎಚ್ಚೆತ್ತಿರುತ್ತದೆ.

ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಡಿಸ್ಕನ್ನು ನೋಡಿ ಈ ಚಿತ್ರದ ವೇಗವನ್ನು ತೂಗುವುದು ಅನ್ಯಾಯ. ಅದು ಮಹಾಪಟದ ಸೊತ್ತು. ಆದರೆ ಅದರ ಸತ್ಯವನ್ನು ತೂಗಲು ಡಿಸ್ಕಿನಷ್ಟೇ ಸಾಕು. ಹಾಗೆ ತೂಗಿದಾಗ ಉಳಿಯುವುದು ಓಟವಲ್ಲ, ಹಳೆಯ ಕಾರೊಂದರ ಮುಂದೆ ನಿಂತ ಒಬ್ಬ ಮನುಷ್ಯ. ಅಷ್ಟು ಉಳಿದ ಕೃತಿಯನ್ನು ನೋಡತಕ್ಕದ್ದೆಂದು ಹೇಳಲು ನನಗೆ ಸಂಕೋಚವಿಲ್ಲ.