ಕಲ್ಪಿತ ಭಾಷೆಯಲ್ಲಿ ‘ನಮೋ ಮರಿಯ’: ಟೋಲ್ಕಿನ್ ಅನುವಾದಗಳ ಕುರಿತು

ಬೈಂದೂರಿನ ಕಡೆಯ ಗುರುವಿದ್ಯಾರ್ಥಿಯೊಬ್ಬನು ಕಳೆದ ರಜೆಯಲ್ಲಿ ತನ್ನ ಟಿಪ್ಪಣಿ ಪುಸ್ತಕವನ್ನು ನನಗೆ ತೋರಿಸಿದನು. ಅದರಲ್ಲಿ ‘ನಮೋ ಮರಿಯ’ ಪ್ರಾರ್ಥನೆಯು ಕ್ವೆನ್ಯ ಭಾಷೆಯಲ್ಲಿತ್ತು, ಜೆ. ಆರ್. ಆರ್. ಟೋಲ್ಕಿನ್ ತಮ್ಮ ಕಥಾಲೋಕದ ಎಲ್ಫ್ ಜನಾಂಗಕ್ಕಾಗಿ ಕಟ್ಟಿದ ಭಾಷೆಯದು. “ಇದರಲ್ಲಿ ಪ್ರಾರ್ಥಿಸಬಹುದೇ ಫಾದರ್?” ಎಂದು ಕೇಳಿದನು. ‘ಬಾಹುಬಲಿ’ (2015) ಚಿತ್ರದ ಕಾಲಕೇಯರಿಗಾಗಿ ಮದನ್ ಕಾರ್ಕಿ ರಚಿಸಿದ ಕಿಲಿಕಿಯಂತೆ ಇದೂ ಒಂದು ವಿನೋದವೆಂದು ನಕ್ಕುಬಿಡಬಹುದಿತ್ತು. ಆದರೆ ಆ ಅನುವಾದ ಅಭಿಮಾನಿಯೊಬ್ಬನದಲ್ಲ, ಶ್ರದ್ಧಾವಂತ ಕಥೋಲಿಕರಾಗಿದ್ದ ಟೋಲ್ಕಿನ್‌ರದೇ. 1950ರ ದಶಕದಲ್ಲಿ ಬರೆದಿಟ್ಟ ಈ ಪ್ರಾರ್ಥನೆಗಳು ಅಚ್ಚಾದುದು ಅವರ ಮರಣಾನಂತರ, 2002ರಲ್ಲಿ.

ಇವನ್ನು ದೈವಶಾಸ್ತ್ರದ ಕೃತಿಗಳಾಗಿಯೇ ಓದಬೇಕು. ಕರ್ತರ ಪ್ರಾರ್ಥನೆಯ ಆರಂಭದಲ್ಲಿ ‘ಪರಲೋಕ’ ಎನ್ನುವೆಡೆ ಟೋಲ್ಕಿನ್, ತಂದೆಯು ‘ಎಆ’ದ ಆಚೆಗಿರುವವನು ಎನ್ನುತ್ತಾರೆ. ‘ಎಆ’ ಎಂದರೆ ಸೃಷ್ಟಿಯ ಸಮಸ್ತ. ನಮ್ಮ ‘ಪರಲೋಕ’ವು ಎಷ್ಟೇ ‘ಪರ’ವಾದರೂ ಒಂದು ಲೋಕವೇ, ಟೋಲ್ಕಿನ್‌ರ ಮಾತು ಲೋಕಗಳನ್ನೆಲ್ಲ ದಾಟುತ್ತದೆ. ಆದರೆ ‘ನಿಮ್ಮ ಚಿತ್ತ ನೆರವೇರಲಿ’ ಎಂಬ ಕೋರಿಕೆಗೆ ಬರುವಾಗ ಅವರು ‘ಎರುಮನ್’ ಎಂಬ ಬೇರೆಯೇ ಪದವನ್ನು ಬಳಸುತ್ತಾರೆ. ಮತ್ತಾಯನ ಗ್ರೀಕಿನಲ್ಲಿ (6:9–10) ಎರಡೂ ಕಡೆ ಒಂದೇ ಪದ, ಮೊದಲು ಬಹುವಚನದಲ್ಲಿ, ಬಳಿಕ ಏಕವಚನದಲ್ಲಿ. ಆ ಸೂಕ್ಷ್ಮ ಭೇದವನ್ನು ಅನುವಾದವು ಬಿರುಕಾಗಿಸಿದೆ ಎಂಬುದು ನನ್ನ ಆಕ್ಷೇಪ.

‘ವರಪ್ರಸಾದ’ಕ್ಕೆ ಅವರು ದೇವರ ಹೆಸರಾದ ‘ಎರು’ವಿಗೆ ಕೊಡುಗೆ ಎಂಬರ್ಥದ ‘ಅನ್ನ’ವನ್ನು ಜೋಡಿಸಿದರು. (ನಮ್ಮ ಕಿವಿಗೆ ಅದು ಊಟದ ಅನ್ನವಾಗುವುದು ಕಾಕತಾಳೀಯ, ಆದರೂ ಸಂತೋಷವಾಯಿತು.) ಸ್ವಚ್ಛವಾದ ಪದ. ಸ್ವಚ್ಛತೆಯೇ ಅದರ ಕೊರತೆಯೂ ಹೌದು. ನಮ್ಮ ಪದದೊಳಗಿನ ‘ಪ್ರಸಾದ’ವು ಕೊಲ್ಲೂರಿನಿಂದ ಮರಳುವ ನೆರೆಯವರ ಅಂಗೈಯಲ್ಲಿಯೂ ಇದೆ, ಕೊಂಕಣಿಯ ‘ಕುರ್ಪಾ’ ಸಂಸ್ಕೃತದ ‘ಕೃಪಾ’ದಿಂದ ಬಾಯಿಂದ ಬಾಯಿಗೆ ಸವೆದು ಬಂದುದು. ಜನರು ಬಳಸಿ, ತಪ್ಪಾಗಿ ತಿಳಿದು, ತಿದ್ದಿಕೊಂಡ ಪದಗಳಿವು. ಕ್ವೆನ್ಯದ ಪದವನ್ನು ತಪ್ಪಾಗಿ ತಿಳಿಯುವುದಕ್ಕೂ ಒಬ್ಬ ಅಜ್ಜಿಯಿಲ್ಲ.

ಅವರು ಹೊಸದಾಗಿ ಹುಟ್ಟಿಸದ ಪದಗಳು ಎರಡು: ಮರಿಯ, ಯೇಸು. ಉಚ್ಚಾರಣೆಯನ್ನಷ್ಟೇ ಒಗ್ಗಿಸಿಕೊಂಡರು. ಟೋಲ್ಕಿನ್‌ರ ಕಥಾಕಾಲವು ಮನುಷ್ಯಾವತಾರಕ್ಕೆ ಬಹು ಹಿಂದಿನದು. ಈ ಹೆಸರುಗಳು ಹೊರಗಿನಿಂದ, ಚರಿತ್ರೆಯಿಂದ ಬರಲೇಬೇಕಾಯಿತು. ಇಡೀ ಅನುವಾದದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇದೇ.

ಭಾಷೆ ಕಟ್ಟುವುದು ಪಾಪವೇನಲ್ಲ. 12ನೆಯ ಶತಮಾನದ ಬಿಂಗೆನ್ನಿನ ಸಂತ ಹಿಲ್ಡೆಗಾರ್ಡ್ ಸುಮಾರು ಸಾವಿರ ಕಲ್ಪಿತ ನಾಮಪದಗಳ ಪಟ್ಟಿಯನ್ನು ಬಿಟ್ಟುಹೋಗಿದ್ದಾರೆ. 2012ರಲ್ಲಿ ಧರ್ಮಸಭೆ ಅವರನ್ನು ಪಂಡಿತೆಯೆಂದು ಘೋಷಿಸಿತು. ಏಕಾಂತದಲ್ಲಿ ಪ್ರಾರ್ಥಿಸು ಎಂದೇ ಅವನಿಗೆ ಹೇಳಿದೆ. ಬಲಿಪೂಜೆಯ ಮಾತು ಬೇರೆ. ಅಲ್ಲಿ ‘ಆಮೆನ್’ ಎನ್ನುವ ಜನರಿರಬೇಕು.

ಆಗ ನನ್ನದೇ ಒಂದು ತಪ್ಪು ನೆನಪಾಗಿ ಅವನಿಗೆ ಹೇಳಿದೆ. ಕುಂದಾಪುರಕ್ಕೆ ಹೊಸದಾಗಿ ಬಂದಿದ್ದಾಗ, ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರು “ಹ್ವಾಯ್” ಎಂದು ಕರೆದು ಕುಂದಾಪ್ರ ಕನ್ನಡದಲ್ಲಿ ಮಾತಿಗಾರಂಭಿಸಿದರು. ನಾನು ಪುಸ್ತಕದ ಕನ್ನಡದಲ್ಲಿ ಉತ್ತರಿಸಿದೆ. ಅವರು ತಡವರಿಸಿ, ತಮ್ಮ ಮಾತನ್ನು ಬಿಟ್ಟು ನನ್ನ ಮಾತನ್ನು ಹುಡುಕತೊಡಗಿದರು. ಉಸಿರಿಗೇ ಕಷ್ಟಪಡುತ್ತಿದ್ದ ಆ ಹೊತ್ತಿನಲ್ಲಿ ಅವರಿಗೆ ಆ ಶ್ರಮ ಕೊಟ್ಟವನು ನಾನು.

ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ವರಪ್ರಸಾದಕ್ಕೆ ಕುಂದಾಪ್ರ ಕನ್ನಡದಲ್ಲಿ ಏನನ್ನಬೇಕು ಫಾದರ್?” ಎಂದನು. ನನ್ನಲ್ಲಿ ಪದವಿರಲಿಲ್ಲ. ಮನೆಗೆ ಹೋದಾಗ ಅಜ್ಜಿಯನ್ನು ಕೇಳು ಎಂದೆ.