ಕೈ ಬಡಿದ ರೊಟ್ಟಿ

ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರು ಭತ್ತದ ಸೀಮೆಯಾಯಿತು. ನೀರು ಹತ್ತದ ಮಸ್ಕಿ, ಲಿಂಗಸುಗೂರು ಕಡೆಯ ಒಳಹಳ್ಳಿಗಳಿಗೆ ಮಾತ್ರ ಎರಿ ಹೊಲದ ಹಿಂಗಾರಿ ಬಿಳಿಜೋಳವೇ ಇನ್ನೂ ಆಧಾರ. ನಸುಕಿನಲ್ಲಿ ಅಲ್ಲಿನ ಓಣಿಗೆ ಕಾಲಿಟ್ಟರೆ ಮೊದಲು ಕೇಳುವುದು ರೊಟ್ಟಿ ಬಡಿಯುವ ಪಟಪಟ ಸದ್ದು.

ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿಗೆ ಪಿಷ್ಟ ಅರೆಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ. “ಎಸರು ತಪ್ಪಿದ್ರ ಹಿಟ್ಟು ಮಾತು ಕೇಳಂಗಿಲ್ಲ ನೋಡವ್ವಾ” ಎಂದು ಅತ್ತೆ ಸೊಸೆಗೆ ಹೇಳುವುದು ಇದನ್ನೇ. ಅಂಗೈಯಿಂದ ಬಡಿಯುತ್ತ, ಹಿಟ್ಟುದುರಿಸುತ್ತ, ತಿರುಗಿಸುತ್ತ ಹೋದಂತೆ ಅಂಚು ಬಿರಿಯದೆ ರೊಟ್ಟಿ ಅಗಲವಾಗುತ್ತದೆ. ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಾಡಿಸಿ ಒಣಹಿಟ್ಟು ತೆಗೆಯುತ್ತಾರೆ. ಮಗುಚಿದರೆ ಉಬ್ಬು. ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಇನ್ನೇನು ಬೇಕು?

ಯಂತ್ರದ ರೊಟ್ಟಿಯೂ ಸಿಗುತ್ತದೆ. ದುಂಡಗಿರುತ್ತದೆ, ಅಷ್ಟೇ.

ನನಗೆ ಹೆಚ್ಚು ಬೆರಗು ಖಡಕ್ ರೊಟ್ಟಿಯದು. ತೇವವೆಲ್ಲ ಹೋಗುವಂತೆ ಸಣ್ಣ ಉರಿಯಲ್ಲಿ ಒಣಗಿಸಿದರೆ ವಾರಗಟ್ಟಲೆ ಕೆಡದು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ದುಡಿಯಲು ಬಸ್ಸು ಹತ್ತುವವರು ಒಯ್ಯುವುದು ಅದನ್ನೇ. ಕಟ್ಟಡದ ಕೆಲಸ ಸಿಕ್ಕು ಒಲೆ ಹೂಡುವವರೆಗೆ ಆ ಗಂಟೇ ಅವರ ಊಟ.